ನೂರ ಎಂಬತ್ತಾರು ಆಳು ಬಾಕಿ

ಮೇ ಹದಿನಾಲ್ಕರಂದು ಗುಂಡ್ಲುಪೇಟೆಯ ನಮ್ಮ ಬ್ಲಾಕ್ ಕಚೇರಿಗೆ ನನ್ನ ಹೆಸರಿಗೊಂದು ಲಕೋಟೆ ಬಂತು. ಸಮಾಜಸೇವೆಯ ಎರಡು ವರ್ಷದ ಪದವಿಗೆ ನಾನು ಅರ್ಜಿ ಹಾಕಿದ್ದ ಶಾಲೆ, ನಮ್ಮ ಸೀಮೆಯಿಂದ ಒಂದು ರಾತ್ರಿ ಒಂದು ಹಗಲು ರೈಲಿನಷ್ಟು ದೂರದ ಪಟ್ಟಣದಲ್ಲಿತ್ತು. ಸೀಟು ಕೊಟ್ಟಿದ್ದರು. ಶುಲ್ಕದಲ್ಲಿ ಅರ್ಧ ಮಾಫಿ ಮಾಡಿದ್ದರು. ಮಾಫಿಗೆ ಕಾರಣವನ್ನೂ ಬರೆದಿದ್ದರು: ನಾನು ಅರ್ಜಿಯೊಂದಿಗೆ ಇಟ್ಟಿದ್ದ ಶ್ರಮದಾನದ ವರದಿ ಅವರಿಗೆ ಮೆಚ್ಚಿಗೆಯಾಗಿತ್ತು. ಜೂನ್ ಹದಿನೈದಕ್ಕೆ ತರಗತಿ ಶುರು.

ಆಗ ನಾನು ಗ್ರಾಮಸೇವಿಕೆ. ಭತ್ಯೆ ಸೇರಿ ತಿಂಗಳಿಗೆ ಎಪ್ಪತ್ತು ರೂಪಾಯಿ ಸಂಬಳ. ಮರುದಿನವೇ ಚಾಮರಾಜನಗರದ ಬಸ್ಸು ಹತ್ತಿದೆ. ಅಮ್ಮ ಅಲ್ಲಿ ಹೆರಿಗೆ ಆಸ್ಪತ್ರೆಯಲ್ಲಿ ಆಯಾ. ಅಪ್ಪ ತೀರಿಕೊಂಡ ಮೇಲೆ ಅವಳ ಸಂಬಳದಲ್ಲೇ ನಾನು ಇಂಟರ್‌ಮೀಡಿಯೆಟ್ ಮುಗಿಸಿದ್ದು. ಅವಳು ರಾಗಿ ಬೀಸುತ್ತಿದ್ದ ಕಡೆಯೇ ಕೂತು ನನ್ನ ದಿನಚರಿ ಪುಸ್ತಕದಲ್ಲಿ ಲೆಕ್ಕ ಬರೆದೆ.

ಇಪ್ಪತ್ತು ತಿಂಗಳ ಹಾಸ್ಟೆಲು ಮತ್ತು ಊಟ, ಸಾವಿರ. ಮಾಫಿ ಕಳೆದು ಶುಲ್ಕ ನೂರೈವತ್ತು. ಪುಸ್ತಕ, ರೈಲು, ಬಟ್ಟೆಗೆ ಇನ್ನೂರು. ಒಟ್ಟು ಸಾವಿರದ ಮುನ್ನೂರೈವತ್ತು. ನನ್ನ ಉಳಿತಾಯ ನೂರೈವತ್ತು. ಸಾಲ ಮಾಡಬೇಕಾದದ್ದು ಸಾವಿರದ ಇನ್ನೂರು. ನೂರಕ್ಕೆ ತಿಂಗಳಿಗೆ ಮುಕ್ಕಾಲು ರೂಪಾಯಿ ಬಡ್ಡಿಯಾದರೆ ಎರಡು ವರ್ಷಕ್ಕೆ ಇನ್ನೂರ ಹದಿನಾರು. ಇದಲ್ಲದೆ ಎರಡು ವರ್ಷ ನಾನು ಕಳೆದುಕೊಳ್ಳುವ ಸಂಬಳ ಸಾವಿರದ ಆರುನೂರ ಎಂಬತ್ತು. ಪದವಿ ಬಂದ ಮೇಲೆ ಪಟ್ಟಣದ ಕಾರ್ಖಾನೆಗಳಲ್ಲಿ ಕಾರ್ಮಿಕರ ಯೋಗಕ್ಷೇಮ ನೋಡುವ ಕೆಲಸಕ್ಕೆ ನೂರ ಮೂವತ್ತು ರೂಪಾಯಿ ಕೊಡುತ್ತಾರೆಂದು ಶಾಲೆಯ ಕೈಪಿಡಿಯಲ್ಲಿ ಅಚ್ಚಾಗಿತ್ತು. ಅಂದರೆ ಈಗಿನದಕ್ಕಿಂತ ಅರವತ್ತು ಹೆಚ್ಚು. ಭಾಗಿಸಿದೆ. ಓದಿದ್ದಕ್ಕೆ ತೆತ್ತದ್ದೆಲ್ಲ ವಾಪಸು ಬರಲು ಐವತ್ತೈದು ತಿಂಗಳು.

ನಾನು ಗಟ್ಟಿಯಾಗಿ ಓದಿದ್ದನ್ನು ಅಮ್ಮ ಬೀಸುವ ಕಲ್ಲು ನಿಲ್ಲಿಸದೆ ಕೇಳಿಸಿಕೊಂಡಳು.

"ಅಲ್ಲಿ ಉಣ್ಣೋದ್ನ ಖರ್ಚಿಗೆ ಬರ್ದಿದ್ದೀಯಲ್ಲ, ಇಲ್ಲಿದ್ರ ಉಪಾಸ ಇರ್ತಿದ್ಯಾ?"

ಪೆಚ್ಚಾದೆ. ಗುಂಡ್ಲುಪೇಟೆಯಲ್ಲಿ ನನ್ನ ಊಟಕ್ಕೆ ತಿಂಗಳಿಗೆ ಇಪ್ಪತ್ತು ರೂಪಾಯಿ ಆಗುತ್ತಿತ್ತು. ಇಪ್ಪತ್ತು ತಿಂಗಳಿಗೆ ನಾನೂರು. ಅದನ್ನು ಕಳೆದಾಗ ಐವತ್ತೈದು ನಲವತ್ತೆಂಟಕ್ಕೆ ಇಳಿಯಿತು. ಸರಿಯಾಗಿ ನಾಲ್ಕು ವರ್ಷ.

"ನಾಕ್ ವರ್ಸ ಏನ್ ಮಹಾ," ಅಂದಳು ಅಮ್ಮ. "ಹೋಗ್ಬುಟ್ಟು ಬಾ."

ನಮ್ಮ ಬ್ಲಾಕಿನ ಅಧಿಕಾರಿಗಳು ಇನ್ನೊಂದು ದಾರಿಯನ್ನೂ ತೋರಿಸಿದ್ದರು. ಪದವಿ ಮುಗಿಸಿ ಗುಂಡ್ಲುಪೇಟೆಗೇ ಮರಳಿದರೆ ಸಂಘಟಕಿಯ ಹುದ್ದೆ ಸಿಕ್ಕೀತು, ಸಂಬಳ ನೂರು. ನೂರು ಮತ್ತು ನೂರ ಮೂವತ್ತರಲ್ಲಿ ಯಾವುದು ದೊಡ್ಡದೆಂದು ಹೇಳಲು ಪದವಿ ಬೇಕಿರಲಿಲ್ಲ. ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಮೇ ಇಪ್ಪತ್ತಮೂರರಂದು ಅಮ್ಮನೂ ನಾನೂ ಅರಿಶಿನದ ಮಂಡಿಯ ಸಾಹುಕಾರರಲ್ಲಿಗೆ ಹೋದೆವು. ಅವರ ಸೊಸೆಯ ಎರಡು ಬಾಣಂತನ ಮಾಡಿದವಳು ಅಮ್ಮ. ಸಾಹುಕಾರರು ವಿಭೂತಿಯ ಹಣೆ ಗಂಟಿಕ್ಕಿ ಶಾಲೆಯ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಅಲ್ಲ ಕನವ್ವ, ಡಾಕ್ಟ್ರಿಕೆ ಓದೋಕೆ ಸಾಲ ಕೇಳ್ತಾರೆ, ಲಾಯರಿಕೆಗೆ ಕೇಳ್ತಾರೆ. ಸೇವೆ ಮಾಡೋಕೂ ಸಾಲ ಮಾಡ್ಬೇಕಾ?"

"ಸೇವೆ ಮಾಡೋದಕ್ಕಲ್ಲ ಸ್ವಾಮಿ, ಸರಿಯಾಗಿ ಮಾಡೋದು ಕಲಿಯೋಕೆ," ಅಂದೆ.

"ಇದುವರ್ಗೂ ತಪ್ಪಾಗಿ ಮಾಡ್ತಿದ್ಯಾ ಅಂಗಾದ್ರ?"

ಗುಮಾಸ್ತ ಬಾಯಿ ಮುಚ್ಚಿಕೊಂಡು ನಕ್ಕ. ಸಾಹುಕಾರರು ನಗಲಿಲ್ಲ. ಸಾವಿರದ ಇನ್ನೂರು ಕೊಡಲು ಒಪ್ಪಿ, ಹೊರಡುವ ಮುಂಚೆ ಬಂದು ಪತ್ರ ಬರೆದುಕೊಡಬೇಕು ಎಂದರು. ಪದವಿಯ ನಂತರ ತಿಂಗಳಿಗೆ ನಲವತ್ತರಂತೆ ಕಟ್ಟುತ್ತೇನೆಂದು ನಾನೇ ಹೇಳಿದೆ.

ಇಷ್ಟರವರೆಗೆ ಎಲ್ಲವೂ ಪುಸ್ತಕದಲ್ಲಿ ಬರೆದ ಹಾಗೆಯೇ ನಡೆಯಿತು.

ಮೇ ಇಪ್ಪತ್ತೊಂಬತ್ತರಂದು ತೆರಕಣಾಂಬಿಯಲ್ಲಿ ಬಸ್ಸಿಳಿದು ಒಂದು ಮೈಲಿ ಒಳಗಿನ ಹಳ್ಳಿಗೆ ನಡೆದೆ. ಆ ಹಳ್ಳಿಯ ಹೆಂಗಸರ ಶ್ರಮದಾನವೇ ನನ್ನ ವರದಿಯ ವಸ್ತು. ಹೋಗಿಬರುತ್ತೇನೆಂದು ಹೇಳಿ ಬರುವುದಷ್ಟೇ ನನ್ನ ಉದ್ದೇಶ. ಅಲ್ಲಿನ ಹೆಂಗಸರಿಗೆಲ್ಲ ಮುಂದಾಳಾಗಿದ್ದ ಹಿರಿಯಾಕೆಯನ್ನು ನಾನು ದೊಡ್ಡವ್ವ ಎಂದು ಕರೆಯುತ್ತಿದ್ದೆ. ಆಕೆ ಜಗಲಿಯ ಮೇಲೆ ಹುರುಳಿ ಕೇರುತ್ತಿದ್ದಳು. ವಿಷಯ ಹೇಳಿದೆ.

"ಒಳ್ಳೇದು ಕಣಮ್ಮಿ, ಓದು," ಅಂದಳು. ಮೊರ ಕೆಳಗಿಟ್ಟು ಕೇಳಿದಳು: "ನಮ್ ಮುಯ್ಯಿ ಯಾವಾಗ ತೀರಿಸ್ತೀಯ?"

ನನಗೆ ಅರ್ಥವಾಗಲಿಲ್ಲ. "ಯಾರ ಮದುವೆ ದೊಡ್ಡವ್ವ?"

"ಮದ್ವೆ ಯಾಕ್ ಬಂತು? ದಾರಿ ಹಾಕೋಕೆ ಬರ್ಲಿಲ್ವಾ ನಾವು? ಆ ಮುಯ್ಯಿ."

ಇಲ್ಲಿ ಜನವರಿಯ ಸಂಗತಿ ಹೇಳಬೇಕು. ಹಳ್ಳಿಗೆ ಜೀಪು ಬರುವಂತೆ ಮುಖ್ಯ ರಸ್ತೆಯಿಂದ ಏಳು ಫರ್ಲಾಂಗು ದಾರಿ ಹಾಕಿಸಬೇಕೆಂದು ಕಚೇರಿಯಿಂದ ಆದೇಶವಾಗಿತ್ತು. ಗಂಡಸರು ಮಣ್ಣು ಅಗೆದರು. ದಾರಿಗೆ ಹಾಸುವ ಗರುಸುಮಣ್ಣು ಹೊರಲು ಹೆಂಗಸರು ಬೇಕಿತ್ತು. ನಾನು ಮನೆಮನೆಗೆ ಹೋಗಿ ಶ್ರಮದಾನವೆಂದರೇನೆಂದು ವಿವರಿಸಿ ಬಂದೆ. ಮೊದಲ ಬೆಳಗ್ಗೆ ಬಂದವರು, ನನ್ನ ದಿನಚರಿಯ ಪ್ರಕಾರ, ಸೊನ್ನೆ. "ಜೀಪಿಗೆ ದಾರಿ ನಮಗ್ಯಾಕೆ? ನಮ್ ಕಾಲ್ಗೆ ಕಾಲ್ದಾರಿ ಸಾಕು" ಎಂದಿದ್ದಳು ಇದೇ ದೊಡ್ಡವ್ವ. ಬೇರೆ ದಾರಿ ಕಾಣದೆ ನಾನು, "ಇದು ನನ್ನ ಕೆಲಸ ಅಂದ್ಕೊಂಡು ಬನ್ನಿ. ನನಗೆ ಮುಯ್ಯಿ ಹಾಕಿದ್ವಿ ಅಂದ್ಕೊಳ್ಳಿ" ಎಂದೆ. ಮರುದಿನ ಹದಿನೆಂಟು ಜನ ಬಂದರು. ಎಂಟನೆಯ ದಿನಕ್ಕೆ ಮೂವತ್ತು. ದಿನವೂ ಸಂಜೆ ಮನೆವಾರು ಬರೆದುಕೊಂಡೆ. ಹದಿನೇಳು ಮನೆ, ಒಬ್ಬರ ಒಂದು ದಿನಕ್ಕೆ ಒಂದು ಆಳಿನಂತೆ ಒಟ್ಟು ನೂರ ಎಂಬತ್ತಾರು ಆಳು.

ಪೇಟೆಯಲ್ಲಿ ಬೆಳೆದ ನನಗೆ ಮುಯ್ಯಿ ಎಂದರೆ ಮದುವೆಯಲ್ಲಿ ವಧೂವರರ ಕೈಗೆ ಇಡುವ ಒಂದು ರೂಪಾಯಿ. ನಗುನಗುತ್ತಾ ಕೊಡುವುದು. ಹಳ್ಳಿಯಲ್ಲಿ ಮುಯ್ಯಿ ಎಂದರೆ ಮುಯ್ಯಾಳು. ಇವತ್ತು ನಾನು ನಿನ್ನ ಹೊಲಕ್ಕೆ ಬಂದರೆ ನಾಳೆ ನೀನು ನನ್ನ ಹೊಲಕ್ಕೆ ಬರಬೇಕು, ದಿನಕ್ಕೆ ದಿನ. ಅವರು ಬಂದದ್ದು ನನ್ನ ಭಾಷಣಕ್ಕಲ್ಲ, ಆ ಒಂದು ಮಾತಿಗೆ. ಅದನ್ನೇ ನಾನು ಸರ್ಕಾರಿ ನಮೂನೆಯಲ್ಲಿ "ಶ್ರಮದಾನ" ಎಂಬ ಕಲಮಿನ ಕೆಳಗೆ ತುಂಬಿದ್ದೆ, ಅದನ್ನೇ ಅಂದವಾದ ಅಕ್ಷರದಲ್ಲಿ ಶಾಲೆಗೂ ಬರೆದು ಕಳಿಸಿದ್ದೆ.

"ನಾನು ದಾನ ಅಂತ ಬರೆದುಬಿಟ್ಟಿದ್ದೀನಿ ದೊಡ್ಡವ್ವ," ಅಂದೆ.

"ದಾನವಾ? ಯಾರ್ಗೆ? ಜೀಪಿಗಾ?" ಆಕೆಗೆ ನಗು ಬಂತು. ಒಳಗಿದ್ದ ಸೊಸೆಯನ್ನು ಕೂಗಿದಳು. "ಕೇಳ್ದೇನಮ್ಮಿ, ನೀನು ಬಸುರಿಲಿ ಗರುಸು ಹೊತ್ತು ದಾನ ಮಾಡ್ಬುಟ್ಟಿದ್ದೀಯಂತೆ. ಕರ್ಣನ ತಂಗಿ ಆಗ್ಬುಟ್ಟೆ!"

ಆ ಸಂಜೆ ನಾನು ಮಾಡಿದ್ದು ಎರಡನೆಯ ತಪ್ಪು. ಹೆಣ್ಣಾಳಿಗೆ ಆಗ ದಿನಗೂಲಿ ಹತ್ತಾಣೆ. ನೂರ ಎಂಬತ್ತಾರು ಆಳಿಗೆ ನೂರ ಹದಿನಾರು ರೂಪಾಯಿ ನಾಲ್ಕಾಣೆ. ನನ್ನ ಉಳಿತಾಯದಿಂದ ಕೊಟ್ಟು ಆ ಮೊತ್ತವನ್ನು ಸಾಲಕ್ಕೆ ಸೇರಿಸಿದರೆ ನಲವತ್ತೆಂಟು ತಿಂಗಳು ಐವತ್ತಾಗುತ್ತದೆ, ಅಷ್ಟೇ. ಮರುದಿನ ಹಣ ತೆಗೆದುಕೊಂಡು ಹೋಗಿ ಜಗಲಿಯ ಮೇಲಿಟ್ಟೆ. ನಾಲ್ಕೈದು ಹೆಂಗಸರು ಸೇರಿದ್ದರು. ಯಾರೂ ಮುಟ್ಟಲಿಲ್ಲ.

"ಎತ್ಕೊ ಅದ್ನ," ಅಂದಳು ದೊಡ್ಡವ್ವ. ಈ ಸಲ ನಗು ಇರಲಿಲ್ಲ. "ಕೂಲಿಗ್ ಬಂದಿದ್ವಾ ನಾವು? ಕೂಲಿ ಕೇಳಿದ್ರ ಅವತ್ತೇ ಕೇಳ್ತಿದ್ವಿ. ಕೂಲಿ ಕೊಟ್ಟೋರು ಯಜಮಾನ್ರಾಗ್ಬುಡ್ತಾರೆ. ನೀನು ನಮ್ಗೆ ಯಜಮಾನಿ ಅಲ್ಲ."

"ನಾನು ಹದಿಮೂರಕ್ಕೆ ಹೊರಡಬೇಕು. ನೂರ ಎಂಬತ್ತಾರು ದಿನ ಎಲ್ಲಿಂದ ತರಲಿ?"

"ಇವತ್ತೇ ಮುಗಿಸು ಅಂದೋರ್ ಯಾರು? ನಿಂತುಕೊ ಅಂದೋರ್ ಯಾರು? ಓಗು, ಓದು. ಆದ್ರ ಬಾಕಿ ಬಾಕಿನೇ. ನಮ್ಮತ್ತೆ ಉಳಿಸಿದ್ ಮುಯ್ಯಿನ ನಾನ್ ತೀರಿಸ್ಲಿಲ್ವಾ?"

ಪಕ್ಕದಲ್ಲಿದ್ದವಳು, "ಕಾಗ್ದ ಗೀಗ್ದ ಬರ್ಕೊಟ್ರ ವಜಾ ಹಾಕನ ಬುಡವ್ವ, ಪಾಪ" ಅಂದಳು.

"ಬರೆಯೋದು ಕೂತ್ಕೊಂಡ್ ಮಾಡೋ ಕೆಲ್ಸ. ಅದು ಆಳಲ್ಲ," ಎಂದು ದೊಡ್ಡವ್ವ ತೀರ್ಪು ಕೊಟ್ಟಳು. ಎತ್ತು ಕಟ್ಟಿಕೊಂಡು ಬಂದರೆ ಒಂದು ಜೊತೆಗೆ ಮೂರು ಆಳಿನ ಲೆಕ್ಕ, ಮೈಮುರಿದು ದುಡಿದರೆ ಒಂದು ಆಳು. ನನ್ನಲ್ಲಿ ಎತ್ತಿರಲಿಲ್ಲ.

ಹಿಂದಿರುಗುವಾಗ, ನಾನೇ ಹಾಕಿಸಿದ ಆ ದಾರಿಯಲ್ಲಿ ನಡೆಯುತ್ತಾ ಎರಡು ವಿಷಯ ನಿಶ್ಚಯ ಮಾಡಿಕೊಂಡೆ. ಹೊರಡುವತನಕ ಸಿಗುವ ದಿನಗಳನ್ನೆಲ್ಲ ಅವರ ಹೊಲಕ್ಕೆ ಕೊಡುವುದು. ಶಾಲೆಗೆ ನಿಜ ಬರೆಯುವುದು. ದಾನವೆಂದು ಅಲ್ಲಿ ಉಳಿದರೆ ಈ ಹದಿನೇಳು ಮನೆಯ ಲೆಕ್ಕ ಎಲ್ಲಿಯೂ ಇಲ್ಲದಂತಾಗುತ್ತಿತ್ತು. ಆ ಸುಳ್ಳಿನ ಮೇಲೆ ನನಗೆ ಶುಲ್ಕವೂ ಮಾಫಿಯಾಗಿತ್ತು.

ಮೇ ಮೂವತ್ತೊಂದರಂದು ಅಧಿಕಾರಿಗಳ ಮುಂದೆ ನಿಂತು, ಕಚೇರಿಯ ವರದಿಯನ್ನೂ ತಿದ್ದಬೇಕು ಎಂದೆ. ಅವರು ಕೆಟ್ಟವರಲ್ಲ. ನನ್ನ ಅರ್ಜಿಗೆ ಶಿಫಾರಸು ಬರೆದವರು ಅವರೇ.

"ನಮೂನೆಯಲ್ಲಿ ಮುಯ್ಯಿ ಅಂತ ಕಲಂ ಇದೆಯೇನಮ್ಮ?"

"ಇಲ್ಲ ಸಾರ್."

"ಹಾಗಾದರೆ ಅದು ನಡೆದಿಲ್ಲ."

"ಶಾಲೆಗೆ ನಾನು ಬೇರೆ ಬರೀತೀನಿ ಸಾರ್."

"ಸೀಟು ಹೋದರೆ?"

ಜೂನ್ ಒಂದರಿಂದ ನನ್ನನ್ನು ಕೆಲಸದಿಂದ ಬಿಡುಗಡೆ ಮಾಡುವ ಆದೇಶಕ್ಕೆ ಅವರು ಆಗಲೇ ಸಹಿ ಹಾಕಿ ಆಗಿತ್ತು. ಸೀಟು ಹೋದರೆ ಕೆಲಸವೂ ಇಲ್ಲ. ಕಾಗದ ಬರೆದು, ಮೂರು ಸಲ ಓದಿ, ಅಂಚೆಗೆ ಹಾಕಿದೆ. ಅದರಲ್ಲಿ ಕ್ಷಮೆ ಒಂದು ಸಾಲು. ಉಳಿದದ್ದೆಲ್ಲ ಮುಯ್ಯಾಳೆಂದರೇನು, ನನ್ನ ತಪ್ಪು ಎಲ್ಲಾಯಿತು ಎಂಬ ವಿವರ.

ಜೂನ್ ಒಂದರಿಂದ ಆ ಹಳ್ಳಿಯಲ್ಲೇ ಉಳಿದೆ. ಮೇ ಮಳೆಗೆ ಹಾಕಿದ ಜೋಳ ಗೇಣುದ್ದ ಬಂದಿತ್ತು. ಕಳೆ ಕೀಳುವ ಕೆಲಸ. ಮೊದಲ ದಿನ ದೊಡ್ಡವ್ವನದೇ ಹೊಲ. ಹನ್ನೆರಡು ಹೆಂಗಸರು ಸಾಲು ಹಿಡಿದು ಕೂತರು, ನಾನು ಹದಿಮೂರನೆಯವಳು. ಹೊತ್ತೇರುವ ವೇಳೆಗೆ ಅವರು ಹೊಲದ ಆಚೆ ಬದುವಿಗೆ ಮುಟ್ಟಿ ತಿರುಗಿ ಬರುತ್ತಿದ್ದರು, ನಾನಿನ್ನೂ ಅರ್ಧದಲ್ಲಿದ್ದೆ. ಅವರು ಎದುರಾದಾಗ ಒಬ್ಬಳು, "ಏನ್ ಸೇವ್ಕಮ್ಮ, ಜೀಪ್ ಕಳಿಸ್ಲಾ?" ಅಂದಳು.

ನಿಧಾನ ಒಂದೇ ನನ್ನ ದೋಷವಾಗಿರಲಿಲ್ಲ. ಅಲ್ಲಿ ಕೊನ್ನಾರಿ ಹುಲ್ಲು ಜಾಸ್ತಿ. ಮೇಲಿನ ಗರಿ ಹಿಡಿದು ಎಳೆದರೆ ಕಿತ್ತು ಬರುತ್ತದೆ, ಗಡ್ಡೆ ಮಾತ್ರ ನೆಲದಲ್ಲೇ ಉಳಿಯುತ್ತದೆ. ಎಂಟು ದಿನಕ್ಕೆ ಎರಡು ಪಟ್ಟು ಚಿಗುರುತ್ತದೆ. ಕುಡ್ಲಿನ, ಅಂದರೆ ಕುಡುಗೋಲಿನ, ಮೂತಿಯನ್ನು ಓರೆಯಾಗಿ ಊರಿ, ಗಡ್ಡೆಯ ಕೆಳಗಿನಿಂದ ಮೀಟಬೇಕು. ಸಂಜೆ ದೊಡ್ಡವ್ವ ನನ್ನ ಸಾಲಿನಲ್ಲಿ ನಡೆದು ಕಾಲ ಹೆಬ್ಬೆರಳಿನಿಂದ ಮಣ್ಣು ಕೆದಕಿ ನೋಡಿದಳು. ಗಡ್ಡೆಗಳು ಹೊರಳಿದವು.

"ತಲೆ ಬೋಳಿಸಿದ್ದೀಯ, ಕಿತ್ತಿಲ್ಲ. ಇವತ್ತಿನ್ದು ಅರೆ ಆಳು ಕಣಮ್ಮಿ. ಬರ್ಕೊ."

ಬರೆದುಕೊಂಡೆ. ನೂರ ಎಂಬತ್ತೈದೂವರೆ.

ಐದು ದಿನ ಅರೆ ಆಳಾಗಿಯೇ ಉಳಿದೆ. ಬೆರಳಿನ ಸಂದಿಯಲ್ಲಿ ಬೊಬ್ಬೆ ಎದ್ದು ಒಡೆದು ಚಿಂದಿ ಸುತ್ತಿಕೊಂಡೆ. ಹೊಲ ಇಲ್ಲದ ಮೂರು ಮನೆಯವರಿಗೆ ಏನು ಮಾಡುವುದೆಂದು ಕೇಳಿದ್ದಕ್ಕೆ, "ಸೌದೆ ತಂದಾಕು" ಅಂದರು. ಆರನೆಯ ದಿನ ಅವರಲ್ಲೊಬ್ಬರಿಗೆ ಕುರುಚಲು ಕಾಡಿನಿಂದ ಒಂದು ಹೊರೆ ತಂದು ಹಾಕಿದೆ. ಆ ದಿನ ಮೊದಲ ಬಾರಿ ಮುಕ್ಕಾಲು ಆಳು ಎನಿಸಿಕೊಂಡೆ, ಮುಂದಿನ ಎರಡು ದಿನವೂ ಅಷ್ಟೇ. ಅಂಚೆಯವನನ್ನು ಮಾತ್ರ ದಿನಾ ಕಾಯುತ್ತಿದ್ದೆ. ಬಗ್ಗಿದ ಬೆನ್ನಿನಲ್ಲೇ ಆಗಾಗ ದಾರಿಯ ಕಡೆ ಕತ್ತು ತಿರುಗಿಸುವುದನ್ನು ಕಂಡು, "ದಾರಿ ನೋಡಿದ್ರ ಗಂಡೂ ಬರಕ್ಕಿಲ್ಲ, ಕಾಗ್ದನೂ ಬರಕ್ಕಿಲ್ಲ. ಕಳೆ ನೋಡು" ಎನ್ನುತ್ತಿದ್ದರು.

ಜೂನ್ ಒಂಬತ್ತರಂದು ಹೊಲದ ಕೆಲಸಕ್ಕೆ ಬಿಡುವಿತ್ತು, ಅವತ್ತೇ ಕಾಗದ ಬಂತು. ಸೀಟು ಉಳಿದಿತ್ತು. ಶುಲ್ಕದ ಮಾಫಿಯನ್ನು ಮಾತ್ರ ಹಿಂದಕ್ಕೆ ಪಡೆದಿದ್ದರು. ಅದು ಶ್ರಮದಾನಕ್ಕಾಗಿ ಕೊಟ್ಟದ್ದು, ಶ್ರಮದಾನ ನಡೆದಿಲ್ಲವೆಂದು ನಾನೇ ಬರೆದಿದ್ದೇನೆ, ಆದ್ದರಿಂದ ಪೂರ್ತಿ ಶುಲ್ಕ ಕಟ್ಟತಕ್ಕದ್ದು. ತರ್ಕದಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ.

ಮರುದಿನ ಚಾಮರಾಜನಗರದ ಬಸ್ಸಿನಲ್ಲಿ ಹೊಸದಾಗಿ ಲೆಕ್ಕ ಹಾಕಿದೆ. ಸಾಲ ಈಗ ಸಾವಿರದ ಮುನ್ನೂರೈವತ್ತು. ಬಡ್ಡಿಯೂ ಏರಿ ನಲವತ್ತೆಂಟು ತಿಂಗಳು ಐವತ್ತೊಂದಾಯಿತು. ಅದು ನನ್ನನ್ನು ಅಷ್ಟಾಗಿ ಕಾಡಲಿಲ್ಲ. ಕಾಡಿದ್ದು ಪಕ್ಕದ ಪುಟ. ಎಂಟು ದಿನದ ದುಡಿಮೆ ಕಳೆದ ಮೇಲೂ ನೂರ ಎಂಬತ್ತೊಂದೂಕಾಲು ಆಳು ಬಾಕಿ. ಪಟ್ಟಣದ ಕಾರ್ಖಾನೆ ಸೇರಿದರೆ ವರ್ಷಕ್ಕೆ ಹತ್ತು ದಿನ ರಜೆ ಸಿಕ್ಕೀತು. ರೂಪಾಯಿಯ ಖರ್ಚು ಐವತ್ತೊಂದು ತಿಂಗಳಲ್ಲಿ ವಾಪಸು ಬರುತ್ತದೆ, ಮುಯ್ಯಿ ತೀರಲು ಹದಿನೆಂಟು ವರ್ಷ. ಗುಂಡ್ಲುಪೇಟೆಗೆ ನೂರು ರೂಪಾಯಿಗೆ ಮರಳಿದರೆ ಭಾನುವಾರ ಭಾನುವಾರ ಹೊಲಕ್ಕೆ ಹೋಗಿ ನಾಲ್ಕು ವರ್ಷದಲ್ಲಿ ಮುಯ್ಯಿ ಮುಗಿಸಬಹುದು. ರೂಪಾಯಿಯ ಖರ್ಚು ವಾಪಸು ಬರಲು ಮಾತ್ರ ನೂರ ಒಂದು ತಿಂಗಳು, ಎಂಟು ವರ್ಷ ಐದು ತಿಂಗಳು. ಒಂದು ಬೇಗ ಮುಗಿದರೆ ಇನ್ನೊಂದು ಹಿಂದೆ ಬೀಳುತ್ತಿತ್ತು. ಎರಡನ್ನೂ ಕೂಡಿಸಿ ಒಂದು ಮೊತ್ತ ಬರೆಯುವ ವಿಧಾನ ನನಗೆ ಗೊತ್ತಿರಲಿಲ್ಲ. ಚಂದಕವಾಡಿಗೆ ಹೋಗುವವರ ಕೋಳಿಬುಟ್ಟಿ ನನ್ನ ಕಾಲ ಮೇಲಿತ್ತು. ಬಸ್ಸು ಊರು ಮುಟ್ಟುವ ಮೊದಲೇ ನಿರ್ಧಾರ ಮಾಡಿದ್ದೆ.

ಸಾಹುಕಾರರಿಗೆ ನೂರೈವತ್ತು ಹೆಚ್ಚು ಬೇಕೆಂದೂ ಏಕೆಂದೂ ಹೇಳಿದೆ. ತಿಂಗಳಿಗೆ ನಲವತ್ತು ಕಟ್ಟಲಾಗುವುದಿಲ್ಲ, ಇಪ್ಪತ್ತೈದು ಬರೆಯಿರಿ ಎಂದೂ ಹೇಳಿದೆ.

"ಹೋದ್ ಸಲ ಕಮ್ಮಿ ಸಾಲ, ಜಾಸ್ತಿ ಕಂತು. ಈಗ ಜಾಸ್ತಿ ಸಾಲ, ಕಮ್ಮಿ ಕಂತು. ಓದೋಕ್ ಮುಂಚೆನೇ ಬುದ್ಧಿ ಬಂದ್ಬುಡ್ತಾ?"

"ಗುಂಡ್ಲುಪೇಟೆಗೇ ವಾಪಸು ಬರ್ತೀನಿ ಸ್ವಾಮಿ. ಅಲ್ಲಿ ಸಂಬಳ ನೂರೇ."

"ನಂದು ಮೊದ್ಲಾ, ಅವ್ರದ್ ಮೊದ್ಲಾ?"

"ನಿಮ್ಮದು ತಿಂಗಳ ಮೊದಲ ವಾರ. ಅವರದು ಭಾನುವಾರ."

ಸಾಹುಕಾರರು ಅಮ್ಮನ ಮುಖ ನೋಡಿದರು. ಅಮ್ಮ ಸೆರಗು ಸರಿಮಾಡಿಕೊಂಡು, "ನಂಗೇನ್ ಗೊತ್ತು ಸಾವ್ಕಾರ್ರೇ, ಊಟದ್ ಲೆಕ್ಕ ಒಂದ್ನ ನಾನ್ ಹೇಳ್ಕೊಟ್ಟೆ, ಮಿಕ್ಕಿದ್ದೆಲ್ಲ ಅವ್ಳದೇ" ಅಂದಳು. ಅವಳ ಹೆಬ್ಬೆಟ್ಟನ್ನೂ ಪತ್ರಕ್ಕೆ ಒತ್ತಿಸಿಕೊಂಡು ಹಣ ಎಣಿಸಿ ಕೊಟ್ಟರು.

ಉಳಿದ ಎರಡು ದಿನ ಮತ್ತೆ ಹೊಲಕ್ಕೆ ಹೋದೆ. ಜೂನ್ ಹನ್ನೊಂದರಂದು ಮುಕ್ಕಾಲು. ಹನ್ನೆರಡರಂದು ಊರ ತುದಿಯ ವಿಧವೆಯೊಬ್ಬಳ ಹೊಲ. ಗೋಪಾಲಸ್ವಾಮಿ ಬೆಟ್ಟದ ಮೇಲೆ ಮೋಡ ಕೂತಿತ್ತು, ಮಳೆ ಬರುವ ಮುಂಚೆ ಮುಗಿಸಬೇಕೆಂದು ಯಾರೂ ತಲೆ ಎತ್ತಲಿಲ್ಲ. ಕುಡ್ಲಿನ ಮೂತಿ ಎಲ್ಲಿ ಇಳಿಯಬೇಕೋ ಅಲ್ಲಿಗೆ ತಾನಾಗಿ ಇಳಿಯುತ್ತಿತ್ತು. ಕೊನೆಯ ಬದುವಿಗೆ ನಾನು ಮುಟ್ಟಿದಾಗ ನನ್ನ ಹಿಂದೆ ಇನ್ನೂ ಇಬ್ಬರಿದ್ದರು.

ದೊಡ್ಡವ್ವ ಎಂದಿನಂತೆ ನನ್ನ ಸಾಲಿನಲ್ಲಿ ನಡೆದಳು. ಹೆಬ್ಬೆರಳಿನಿಂದ ಕೆದಕಿದಳು. ಇನ್ನೊಂದು ಕಡೆ ಕೆದಕಿದಳು. ಏನೂ ಹೊರಳಲಿಲ್ಲ.

"ಬರ್ಕೊ. ಒಂದು."

"ಓಗೋ ಹೊತ್ಗೆ ಆಳಾದ್ಲು ನೋಡು!" ಅಂದಳು ಸೊಸೆ.

ಮಣ್ಣು ಕೈಯಲ್ಲೇ ಪೆನ್ಸಿಲು ಹಿಡಿದು ಕೂಡಿ ಕಳೆದೆ.

"ಎಷ್ಟುಳೀತು?"

"ನೂರ ಎಪ್ಪತ್ತೊಂಬತ್ತೂವರೆ."

"ಆ ಅರೆ ಯಾರ ಮನೇದು?"

ಮನೆವಾರು ಪುಟ ತಿರುವಿ ನೋಡಿದೆ. ಬಹಳ ಮನೆಗಳ ಬಾಕಿಯಲ್ಲಿ ಅರೆಯೂ ಕಾಲೂ ಸೇರಿಕೊಂಡಿದ್ದವು. ಮೊದಲ ದಿನದ ಅರೆ ಆಳು ಮಾತ್ರ ಅವಳದೇ ಹೊಲದ್ದು.

"ನಿಮ್ಮದೇ ದೊಡ್ಡವ್ವ."

"ಅಂಗಾದ್ರ ಬಂದ್ ತಕ್ಷಣ ನಂದೇ ಮೊದ್ಲು," ಅಂದಳು ಆಕೆ, ಕುಡ್ಲನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾ. "ಅರ್ಧಂಬರ್ಧ ಇಟ್ಕೊಂಡು ಕಾಯೋಕೆ ನಂಗಾಗಕ್ಕಿಲ್ಲ."

ಅವಳ ಮನೆಯನ್ನು ಪಟ್ಟಿಯ ತಲೆಗೆ ಬರೆದುಕೊಂಡೆ.